ಗೆರೆ ಹತ್ತಿರವಾದರೆ ದಾರಿಯೂ ಹತ್ತಿರವೇ?

ಅಟ್ಟೂರಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸಕ್ಕೆ ಹೋಗಿದ್ದಾಗ ಒಂಬತ್ತನೇ ತರಗತಿಗೆ ನಾನು ಮಾಡಿದ ಪಾಠ ‘ಸಮೋನ್ನತಿ ರೇಖೆಗಳು’. ಉದಾಹರಣೆಗೆ ನಂದಿಬೆಟ್ಟವನ್ನೇ ಆರಿಸಿಕೊಂಡೆ. ಭಾನುವಾರ ನಸುಕಿನಲ್ಲಿ ಯಲಹಂಕ ದಾಟಿ ಆ ಕಡೆ ಹೋಗುವ ಸೈಕಲ್, ಬೈಕುಗಳನ್ನು ನೋಡದ ಮಕ್ಕಳು ಇಲ್ಲಿಲ್ಲ. “ಅಲ್ಲಿ ಏನು ಚೆಂದ?” ಎಂದು ಪೂರ್ವಜ್ಞಾನ ಪರೀಕ್ಷಿಸಹೊರಟರೆ ಮೋಡ, ಸೂರ್ಯೋದಯ, ಕೋತಿ, ಸುಟ್ಟ ಜೋಳ, ಟಿಪ್ಪು ಡ್ರಾಪ್ ಎಂದು ಹತ್ತು ನಿಮಿಷ ಅದರಲ್ಲೇ ಹೋಯಿತು.

ಆಮೇಲೆ ಕಪ್ಪುಹಲಗೆಯ ಮೇಲೆ ಬೆಟ್ಟವೊಂದರ ರೇಖೆಗಳನ್ನು ಬರೆದೆ. ಒಂದು ಮಗ್ಗುಲಲ್ಲಿ ಒತ್ತೊತ್ತಾಗಿ, ಇನ್ನೊಂದರಲ್ಲಿ ವಿರಳವಾಗಿ. ಯಾವ ಕಡೆಯಿಂದ ಹತ್ತುತ್ತೀರಿ? ಒಬ್ಬ ಹುಡುಗ ಒತ್ತಾದ ಕಡೆ ಬೆರಳಿಟ್ಟ. “ಗೆರೆ ಹತ್ರ ಹತ್ರ ಇದೆ ಮಿಸ್, ಬೇಗ ಸೇರ್ಬಹುದು.” ಗಂಟೆ ಹೊಡೆಯುವ ಆತುರದಲ್ಲಿ “ಸರಿ” ಎಂದುಬಿಟ್ಟೆ.

ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: ‘ಆ ಹುಡುಗನನ್ನು ಕಡಿದಾದ ಬಂಡೆಗೆ ಕಳಿಸಿದಿರಿ.’

ಅದು ಬರೀ ಚುಚ್ಚುಮಾತಲ್ಲ. 2022ರ ಫೆಬ್ರವರಿಯಲ್ಲಿ ನಂದಿಬೆಟ್ಟದ ಬ್ರಹ್ಮಗಿರಿ ಬಂಡೆಗಳಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿಬಿದ್ದು ಸಿಲುಕಿಕೊಂಡಿದ್ದ. ಅವನನ್ನು ಎತ್ತಿ ತಂದದ್ದು ನಮ್ಮ ಯಲಹಂಕ ವಾಯುನೆಲೆಯ ಹೆಲಿಕಾಪ್ಟರ್.

ಮರುದಿನ ಒಂದು ಅವಧಿ ಬೇಡಿ ಪಡೆದೆ. ಈ ಸಲ ಗುಂಪಿಗೊಂದು ದಪ್ಪ ಆಲೂಗಡ್ಡೆ. ಉದ್ದಕ್ಕೆ ಸೀಳಿ, ಅರ್ಧವನ್ನು ಬೋರಲು ಹಾಕಿ, ಒಂದು ಮಗ್ಗುಲನ್ನು ಹೆಚ್ಚುಕಡಿಮೆ ಗೋಡೆಯಂತೆ ಕತ್ತರಿಸಿದೆ (ಚಾಕು ನನ್ನ ಕೈಯಲ್ಲೇ ಇತ್ತು). ನೆತ್ತಿಯಿಂದ ಬುಡದವರೆಗೆ ಎರಡು ಪೊರಕೆ ಕಡ್ಡಿ ಚುಚ್ಚಿ ತೆಗೆದು, ಅಡ್ಡಲಾಗಿ ಒಂದೇ ದಪ್ಪದ ಆರು ಬಿಲ್ಲೆ ಮಾಡಿದೆ. ಆ ತೂತುಗಳನ್ನು ಹೊಂದಿಸಿಕೊಂಡೇ ಬಿಲ್ಲೆಗಳ ಅಂಚು ಬರೆಯಬೇಕು; ಇಲ್ಲದಿದ್ದರೆ ಗೆರೆಗಳು ಒಂದನ್ನೊಂದು ದಾಟಿ ಪಾಠವೇ ಕೆಡುತ್ತದೆ. ಯಲಹಂಕದ ಎತ್ತರ ಸುಮಾರು 900 ಮೀಟರ್, ನಂದಿಯ ತುದಿ 1478. ಬಿಲ್ಲೆಗೆ 100 ಮೀಟರ್ ಎಂದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ಗೋಡೆಯ ಕಡೆ ಗೆರೆಗಳು ಅಂಟಿಕೊಂಡಂತೆ ಬಂದವು. ಅದೇ ಹುಡುಗ ಬಿಲ್ಲೆಗಳನ್ನು ಮತ್ತೆ ಪೇರಿಸಿ, ಆ ಮಗ್ಗುಲಲ್ಲಿ ಬೆರಳು ಮೇಲಕ್ಕೆ ಓಡಿಸಿದ. “ಹತ್ರ ಅಲ್ಲ ಮಿಸ್, ಇಲ್ಲಿ ನೇರ ಮೇಲಕ್ಕೇ ಹೋಗ್ಬೇಕು.”

ಮೌಲ್ಯಮಾಪನಕ್ಕೆ ಕೇಳಿದ್ದು ಒಂದೇ ಪ್ರಶ್ನೆ: ನಂದಿಯ ರಸ್ತೆಗೆ ಅಷ್ಟೊಂದು ತಿರುವು ಏಕೆ? ಅದು ರೇಖೆಗಳನ್ನು ಓರೆಯಾಗಿ ದಾಟುತ್ತದೆ ಎಂದು ಮೂರು ಗುಂಪುಗಳು ಬರೆದು ತೋರಿಸಿದವು. ನಾಲ್ಕನೆಯ ಗುಂಪಿನ ಹುಡುಗಿಯೊಬ್ಬಳು ಮಾತ್ರ “ಮೆಟ್ಟಿಲ ದಾರಿ ನೇರ ಹೋಗುತ್ತಲ್ಲ ಮಿಸ್, ಅದು ಹೇಗೆ?” ಎಂದಳು. ಸೋಮವಾರದ ಪಾಠಯೋಜನೆ ಅಲ್ಲಿಂದ ಶುರುವಾಗುತ್ತದೆ.