ಹವಳದ ತೊಟ್ಟಿಯ ಪಾಚಿ ಲೆಕ್ಕ

ಮನೆಯಲ್ಲಿ ಉಪ್ಪುನೀರಿನ ತೊಟ್ಟಿ ಇಟ್ಟು ಹವಳ ಸಾಕುವವರಿಗೆ ಒಂದಲ್ಲ ಒಂದು ದಿನ ಪಾಚಿಯ ಕಾಟ ತಪ್ಪಿದ್ದಲ್ಲ. ಕಲ್ಲಿನ ಮೇಲೆ ಹಸಿರು ಕೂದಲಿನಂತೆ ಎದ್ದು, ಹವಳದ ಬುಡ ಮುಚ್ಚತೊಡಗಿದಾಗ ಕೈ ಮೊದಲು ಹೋಗುವುದು ಅಂಗಡಿಯಲ್ಲಿ ಸಿಗುವ ಪಾಚಿನಾಶಕದ ಬಾಟಲಿಗೆ. ಅದನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ತೊಟ್ಟಿಗೆ ನೈಟ್ರೇಟ್, ಫಾಸ್ಫೇಟ್ ಎಷ್ಟು ಬರುತ್ತಿದೆ, ಎಷ್ಟು ಹೊರಹೋಗುತ್ತಿದೆ, ಬೆಳೆದದ್ದನ್ನು ಮೇಯುವ ಬಾಯಿಗಳೆಷ್ಟಿವೆ ಎಂಬ ಜಮಾಖರ್ಚಿನಲ್ಲಿ ಉಳಿಯುವ ಬಾಕಿಯೇ ಪಾಚಿ. ಔಷಧಿಗೆ ಸತ್ತ ಪಾಚಿ ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಕೊಳೆತು, ನೀರಿನ ಆಮ್ಲಜನಕ ಕಡಿಮೆ ಮಾಡಿ, ತಾನು ಹೀರಿಕೊಂಡಿದ್ದನ್ನೆಲ್ಲ ನೀರಿಗೇ ವಾಪಸು ಕೊಡುತ್ತದೆ. ಮುಂದಿನ ಬೆಳೆಗೆ ಅದೇ ಗೊಬ್ಬರ.

ಮೊದಲು ಬಂದಿರುವುದು ಏನೆಂದು ಗುರುತಿಸಿ. ಹೊಸ ತೊಟ್ಟಿಯ ಮರಳಿನ ಮೇಲೆ ಕಂದು ಪುಡಿ ಉದುರಿಸಿದಂತೆ ಕಂಡರೆ ಅದು ಡಯಾಟಂ. ನೀರಿನ ಸಿಲಿಕೇಟ್ ಮುಗಿದಂತೆ ಕೆಲವು ವಾರಗಳಲ್ಲಿ ತಾನಾಗಿ ಹೋಗುವುದೇ ಹೆಚ್ಚು. ಕೆಂಪು ಇಲ್ಲವೇ ನೇರಳೆ ಲೋಳೆ ಹಾಳೆಯಂತೆ ಕಿತ್ತು ಬಂದರೆ ಅದು ಸಯನೊಬ್ಯಾಕ್ಟೀರಿಯಾ. ಹೆಸರೇ ಹೇಳುವಂತೆ ಅದೊಂದು ಬ್ಯಾಕ್ಟೀರಿಯಾ, ನೀರಿನ ಓಡಾಟ ಕಡಿಮೆಯಿರುವ ಮೂಲೆ ಅದಕ್ಕೆ ಇಷ್ಟ. ಗಾಳಿಗುಳ್ಳೆ ಸಿಕ್ಕಿಸಿಕೊಂಡ ಕಂದು ದಾರದಂಥ ಲೋಳೆ ಹಗಲು ದಟ್ಟವಾಗಿ, ದೀಪ ಆರಿದ ಮೇಲೆ ತೆಳುವಾದರೆ ಡೈನೊಫ್ಲಾಜೆಲ್ಲೇಟ್ ಇರಬಹುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನುಮಾನ ಪರಿಹಾರ. ಮುಂದೆ ಹೇಳುವ ಉಪಾಯ ಹಸಿರು ಕೂದಲು ಪಾಚಿಗೆ. ಡೈನೊಗೆ ಅದೇ ಪ್ರಯೋಗ ಮಾಡಿದರೆ ಕೆಲಸ ಕೆಡುತ್ತದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಎರಡನೆಯದು ನೀರು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದೆಂದು ಭಾರತೀಯ ಮಾನಕವೇ ಒಪ್ಪುತ್ತದೆ. ಮನುಷ್ಯರಿಗೆ ಸರಿ, ಹವಳದ ತೊಟ್ಟಿಗೆ ಅದು ವಿಪರೀತ. ಬೋರ್‌ವೆಲ್ ನೀರಿನ ಮಾತಂತೂ ಬೇಡ. ‘ಮನೆಯಲ್ಲಿ ಆರ್‌ಒ ಇದೆಯಲ್ಲ’ ಎನ್ನಬಹುದು. ಆದರೆ ಅಡುಗೆಮನೆಯ ಎಷ್ಟೋ ಆರ್‌ಒ ಯಂತ್ರಗಳು ರುಚಿಗೆಂದು ಒಂದಿಷ್ಟು ಹಸಿ ನೀರನ್ನು ಬೆರೆಸಿಯೇ ಕೊಡುತ್ತವೆ. ಟಿಡಿಎಸ್ ಮೀಟರ್ ಅದ್ದಿ ನೋಡಿ: ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಆರ್‌ಒ ನಂತರ ಡಿಐ ರೆಸಿನ್ ಹಂತ ಸೇರಿಸಿ, ಆ ನೀರಿಗೇ ಉಪ್ಪು ಬೆರೆಸಿ.

ನೀರು ಬದಲಿಸುತ್ತಿದ್ದರೆ ಸಾಲದೇ ಎಂಬ ಪ್ರಶ್ನೆಗೆ ಸಣ್ಣ ಗಣಿತ ಸಾಕು. ವಾರಕ್ಕೆ 5 ಪಿಪಿಎಂ ನೈಟ್ರೇಟ್ ಹುಟ್ಟುವ ತೊಟ್ಟಿಯಲ್ಲಿ ಪ್ರತಿ ವಾರ ಶೇ 10ರಷ್ಟು ನೀರನ್ನಷ್ಟೇ ಬದಲಿಸುತ್ತ ಹೋದರೆ, ನೈಟ್ರೇಟ್ ಕೊನೆಗೆ ನೆಲೆ ನಿಲ್ಲುವುದು 45 ಪಿಪಿಎಂ ಹತ್ತಿರ. ಎಂದರೆ ಒಳಬರುವುದನ್ನೇ ತಗ್ಗಿಸಬೇಕು. ಫ್ರೋಜನ್ ಆಹಾರವನ್ನು ಕರಗಿಸಿ, ಜರಡಿಯಲ್ಲಿ ಸೋಸಿ, ಆ ರಸ ಚೆಲ್ಲಿ, ಮೀನು ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಿ. ಸ್ಕಿಮ್ಮರ್ ಬಟ್ಟಲು ತೊಳೆಯುವುದನ್ನು ಮರೆಯಬೇಡಿ.

ಇಷ್ಟಾದ ಮೇಲೆ ಕೈಯಿಂದ ಕೀಳುವ ಕೆಲಸ. ಇದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ, ಯಾಕೆಂದರೆ ಕಿತ್ತ ಪ್ರತಿ ಹಿಡಿಯ ಜತೆ ಅದು ಹೀರಿದ ಫಾಸ್ಫೇಟೂ ತೊಟ್ಟಿಯಿಂದ ಹೊರಟುಹೋಗುತ್ತದೆ. ನೀರು ಬದಲಿಸುವ ದಿನ ಹೊರತೆಗೆದ ಉಪ್ಪುನೀರನ್ನು ಬಕೆಟ್ಟಿನಲ್ಲಿಟ್ಟು, ಕಲ್ಲನ್ನು ಅದರಲ್ಲೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ. ತೊಟ್ಟಿಯೊಳಗೆ ತಿಕ್ಕಿದರೆ ಚೂರುಗಳು ತೇಲಿ ಬೇರೆ ಕಡೆ ಬೇರೂರುತ್ತವೆ. ಕಲ್ಲು ಎತ್ತಲಾಗದಿದ್ದರೆ ಪೈಪಿನಿಂದ ಹೀರುತ್ತಲೇ ಕೀಳಿ.

ಬೋಳಾದ ಕಲ್ಲಿಗೆ ಮೇಯುವವರು ಬೇಕು. ಇದಕ್ಕೆ ಕಡಲೇ ಸಾಕ್ಷಿ. 1983–84ರಲ್ಲಿ ಕೆರಿಬಿಯನ್ ಕಡಲಿನ ಡಯಾಡೆಮಾ ಎಂಬ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳು ರೋಗ ತಗುಲಿ ಬಹುಪಾಲು ಸತ್ತವು. ಪಾಚಿ ಮೇಯುವ ಮೀನುಗಳನ್ನು ಬಲೆಗಳು ಮೊದಲೇ ಖಾಲಿ ಮಾಡಿದ್ದವು. 1970ರ ದಶಕದ ಕೊನೆಯಲ್ಲಿ ಸುಮಾರು ಶೇ 50ರಷ್ಟಿದ್ದ ಜಮೈಕಾದ ಹವಳದ ಹೊದಿಕೆ 1990ರ ದಶಕದ ಆರಂಭಕ್ಕೆ ಶೇ 5ಕ್ಕಿಂತ ಕೆಳಗಿಳಿಯಿತು, ಪಾಚಿ ಶೇ 90ರಷ್ಟನ್ನು ಆವರಿಸಿತು. ಚಂಡಮಾರುತದ ಪಾಲೂ ಇತ್ತು, ನಿಜ. ಆದರೆ ಬಿದ್ದ ಹವಳ ಮತ್ತೆ ಏಳದಂತೆ ಜಾಗ ಹಿಡಿದದ್ದು ಪಾಚಿ. ಮನೆಯ ತೊಟ್ಟಿಯಲ್ಲಿ ಈ ಕೆಲಸಕ್ಕೆ ಟ್ರೋಕಸ್, ಟರ್ಬೊ ಬಸವನಹುಳುಗಳಿವೆ. ತೊಟ್ಟಿ ದೊಡ್ಡದಿದ್ದರೆ ಟ್ಯಾಂಗ್ ಮೀನು. ಅವು ಎಳೆ ಪಾಚಿಯನ್ನು ಮೇಯುತ್ತವೆ, ಉದ್ದ ಬೆಳೆದದ್ದನ್ನು ಬಹಳ ಸಲ ಮೂಸಿಯೂ ನೋಡುವುದಿಲ್ಲ. ಕೀಳುವ ಕೆಲಸ ಮೊದಲು, ಹುಳು ಬಿಡುವುದು ಆಮೇಲೆ ಎಂದದ್ದು ಇದಕ್ಕೇ.

‘ಟೆಸ್ಟ್ ಕಿಟ್ ಫಾಸ್ಫೇಟ್ ಸೊನ್ನೆ ಎನ್ನುತ್ತಿದೆ, ಆದರೂ ಪಾಚಿ ಬೆಳೆಯುತ್ತಿದೆಯಲ್ಲ’ ಎಂಬ ಆಕ್ಷೇಪ ಸಹಜ. ಕಿಟ್ ಅಳೆಯುವುದು ನೀರಿನಲ್ಲಿ ಉಳಿದದ್ದನ್ನು, ಪಾಚಿ ತಿಂದು ಮುಗಿಸಿದ್ದನ್ನಲ್ಲ. ಹಳೆಯ ಕಲ್ಲು ತನ್ನೊಳಗೆ ಹಿಡಿದಿಟ್ಟ ಫಾಸ್ಫೇಟನ್ನು ಮೆಲ್ಲನೆ ಬಿಡುತ್ತಲೂ ಇರುತ್ತದೆ. ಹಾಗಾದರೆ ರಾಸಾಯನಿಕ ಹಾಕಿ ಎಲ್ಲವನ್ನೂ ಹೀರಿಬಿಡೋಣ ಎಂದು ಹೊರಡುವವರು ಇನ್ನೊಂದು ಗುಂಡಿಗೆ ಬೀಳುತ್ತಾರೆ. ನೈಟ್ರೇಟ್, ಫಾಸ್ಫೇಟ್ ಎರಡೂ ಪೂರ್ತಿ ಬರಿದಾದ ತೊಟ್ಟಿಯಲ್ಲಿ ಹವಳ ಬಿಳಿಚಿಕೊಳ್ಳುತ್ತದೆ, ಪೈಪೋಟಿಯಿಲ್ಲದ ಜಾಗದಲ್ಲಿ ಡೈನೊ ತಲೆಯೆತ್ತುತ್ತದೆ. ಅದರ ಕೆಲವು ಜಾತಿಗಳ ವಿಷಕ್ಕೆ ಬಸವನಹುಳುಗಳೇ ಸಾಯುತ್ತವೆ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇರಲಿ. ಔಷಧಿಯನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ: ಕಿತ್ತಷ್ಟೂ ಬರುವ, ಹುಳುಗಳೂ ಮುಟ್ಟದ ಬ್ರಯಾಪ್ಸಿಸ್ ಎಂಬ ಪಾಚಿಗೆ ಫ್ಲುಕೊನಜೋಲ್ ಔಷಧಿ ಕೆಲಸ ಮಾಡುತ್ತದೆ. ಅದೊಂದು ಅಪವಾದ.

ಬದಲಾವಣೆ ಕಣ್ಣಿಗೆ ಬೀಳಲು ಒಂದೆರಡು ತಿಂಗಳು ಹಿಡಿಯಬಹುದು. ಬೇಸತ್ತು, ಇದ್ದ ಕಲ್ಲನ್ನೆಲ್ಲ ಬಿಸಾಡಿ ನೇತ್ರಾಣಿ ದ್ವೀಪದ ಕಡೆಯಿಂದ ಹೊಸ ಹವಳದ ಕಲ್ಲು ತರಿಸುವ ಯೋಚನೆ ಬಂದರೆ ಅಲ್ಲಿಗೇ ಬಿಡಿ. ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿವೆ. ನಮ್ಮ ಕಡಲಿನಿಂದ ಅವನ್ನು ಕೀಳುವುದು ಹುಲಿ ಬೇಟೆಯ ಸಾಲಿಗೇ ಸೇರುವ ಅಪರಾಧ.