ಹಳೆ ಡಸ್ಟರ್‌ಗೆ ಎರಡು ಬೆಲೆ

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಗೆ ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ರಸ್ತೆ. ಮಳೆಗಾಲದಲ್ಲಿ ಗೊಬ್ಬರದ ಲಾರಿ ಒಮ್ಮೆ ಹೋಗಿ ಬಂದರೆ ಸಾಕು, ಚಕ್ರದ ಜಾಡು ಗೇಣುದ್ದ ಇಳಿದಿರುತ್ತದೆ. ನನ್ನ ಹತ್ತಿರ ಇದ್ದ ಚಿಕ್ಕ ಕಾರು ಆ ಜಾಡಿನ ನಡುವಿನ ದಿಣ್ಣೆಗೆ ಹೊಟ್ಟೆ ಉಜ್ಜಿಕೊಂಡೇ ಹೋಗುತ್ತಿತ್ತು. ಎರಡು ಸಲ ಆಯಿಲ್ ಸಂಪ್ ಒಡೆಯಿತು. ಎರಡನೇ ಸಲ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೆ. ಸುರಿವ ಮಳೆಯಲ್ಲಿ ಪಕ್ಕದ ಮನೆಯವರ ಜೀಪು ಬರುವ ತನಕ ಅವಳು ಹಿಂದಿನ ಸೀಟಿನಲ್ಲಿ ಮಾತಿಲ್ಲದೆ ಕೂತಿದ್ದಳು. ಆವತ್ತೇ ತೀರ್ಮಾನ ಮಾಡಿದೆ, ಎತ್ತರದ ಗಾಡಿ ಬೇಕು.

ಹೊಸದರ ಲೆಕ್ಕ ಮೊದಲು ಹಾಕಿದೆ. ಶೋರೂಮ್ ಬೆಲೆ 10.2 ಲಕ್ಷದ ಗಾಡಿ. ಹತ್ತು ಲಕ್ಷ ದಾಟಿದರೆ ನಮ್ಮ ರಾಜ್ಯದಲ್ಲಿ ಆಜೀವ ತೆರಿಗೆ ಶೇ 17, ಅದರ ಮೇಲೆ ಸೆಸ್. ಅದೇ ಸುಮಾರು 1.9 ಲಕ್ಷ. ವಿಮೆ, ನೋಂದಣಿ ಎಲ್ಲ ಸೇರಿ ಗಾಡಿ ಮನೆಗೆ ಬರುವಷ್ಟರಲ್ಲಿ 12.6 ಲಕ್ಷ. ಒಂಬತ್ತು ಲಕ್ಷ ಸಾಲ ಮಾಡಿದರೆ ಶೇ 8.5ರ ಬಡ್ಡಿಗೆ ಐದು ವರ್ಷ, ತಿಂಗಳಿಗೆ ಕಂತು 18,465 ರೂಪಾಯಿ. ಅಡಿಕೆ ಧಾರಣೆ ನಂಬಿಕೊಂಡು ತಿಂಗಳ ಕಂತಿಗೆ ಕೈ ಹಾಕಬಾರದು ಅನ್ನುವುದು ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ನಡೆದು ಬಂದ ಮಾತು. ಹಾಗಾಗಿ ಹಳೆ ಗಾಡಿಯ ಕಡೆ, ಅದರಲ್ಲೂ ಡಸ್ಟರ್ ಕಡೆ ತಿರುಗಿದೆ.

2012ರ ಜುಲೈಯಲ್ಲಿ ರೆನೋ ಡಸ್ಟರ್ ಬಂದಾಗ ಅದರ ಆರಂಭದ ಬೆಲೆ 7.19 ಲಕ್ಷ. ಚೆನ್ನೈ ಹತ್ತಿರದ ಒರಗಡಂನಲ್ಲಿ ತಯಾರಾಗುತ್ತಿತ್ತು. ಅದಕ್ಕೂ ಮುಂಚೆ ಎಸ್‌ಯುವಿ ಅಂದರೆ ನಮ್ಮ ಕಣ್ಣಿಗೆ ಕಟ್ಟುತ್ತಿದ್ದದ್ದು ಚಾಸಿಯ ಮೇಲೆ ಬಾಡಿ ಕೂರಿಸಿದ ಭಾರದ ಗಾಡಿ. ಡಸ್ಟರ್ ಹಾಗಲ್ಲ, ಕಾರಿನ ಹಾಗೆ ಇಡೀ ಬಾಡಿಯೇ ಅದರ ಚೌಕಟ್ಟು. ಆದರೂ ನೆಲದಿಂದ 205 ಮಿಲಿಮೀಟರ್ ಎತ್ತರ, ಡಿಕ್ಕಿಯಲ್ಲಿ 475 ಲೀಟರ್ ಜಾಗ, 50 ಲೀಟರಿನ ಟ್ಯಾಂಕ್. 2013ರಲ್ಲಿ ದೇಶದ ವರ್ಷದ ಕಾರು ಪ್ರಶಸ್ತಿಯೂ ಅದಕ್ಕೆ ಸಿಕ್ಕಿತು. 2014ರಲ್ಲಿ ನಾಲ್ಕು ಚಕ್ರಕ್ಕೂ ಎಳೆತವಿರುವ ಮಾದರಿ, 2016ರಲ್ಲಿ ಕ್ಲಚ್ ತುಳಿಯುವ ಕೆಲಸವಿಲ್ಲದ ಎಎಂಟಿ ಸೇರಿದವು. 2020ರಲ್ಲಿ ಬಿಎಸ್-6 ನಿಯಮ ಬಂದಾಗ ಡೀಸೆಲ್ ನಿಂತಿತು. 2022ರಲ್ಲಿ ಆ ಡಸ್ಟರ್‌ನ ಮಾರಾಟವೇ ನಿಂತಿತು.

ಕೊಳ್ಳುವವರು ಗಮನಿಸಬೇಕಾದ್ದು ಇಂಜಿನ್. 1461 ಸಿಸಿಯ ಒಂದೇ ಡೀಸೆಲ್ ಇಂಜಿನ್ ಎರಡು ರೂಪದಲ್ಲಿ ಬರುತ್ತಿತ್ತು, 85 ಅಶ್ವಶಕ್ತಿಯದ್ದು ಮತ್ತು 110ರದ್ದು. ದೊಡ್ಡ ಸಂಖ್ಯೆ ನೋಡಿ ಎಲ್ಲರೂ 110ರ ಹಿಂದೆ ಬೀಳುತ್ತಾರೆ. ಆರು ಗೇರು, 248 ನ್ಯೂಟನ್ ಮೀಟರ್ ಎಳೆತ, ಹೆದ್ದಾರಿಯಲ್ಲಿ ಅದರ ಓಟ ನಿಜಕ್ಕೂ ಚೆಂದ. ಆದರೆ ಆ ಎಳೆತ ಪೂರ್ತಿ ಸಿಗುವುದು ಇಂಜಿನ್ ನಿಮಿಷಕ್ಕೆ 2,250 ಸುತ್ತು ತಿರುಗಿದಾಗ. ಅದರ ಕೆಳಗೆ ಸ್ವಲ್ಪ ಮಂಕು. 85ರದ್ದು 200 ನ್ಯೂಟನ್ ಮೀಟರ್, ಐದೇ ಗೇರು, ಆದರೆ 1,900 ಸುತ್ತಿಗೇ ಕೈಗೆ ಬರುತ್ತದೆ. ನಮ್ಮ ಕೆಸರಿನ ಏರಿನಲ್ಲಿ ಎರಡನೇ ಗೇರಿನಲ್ಲಿ ನಿಧಾನಕ್ಕೆ ಹತ್ತಬೇಕಾದ ಜಾಗಕ್ಕೆ ಇದೇ ಸರಿ. ನಾನು ತಗೊಂಡಿದ್ದು 85ರದ್ದೇ. ನಾಲ್ಕು ವರ್ಷದಲ್ಲಿ ಆ ಏರಿನಲ್ಲಿ ಒಮ್ಮೆಯೂ ಹೂತಿಲ್ಲ. ಶಿವಮೊಗ್ಗ-ತೀರ್ಥಹಳ್ಳಿ ನಡುವೆ ಲಾರಿ ಹಿಂದೆ ಹಾಕುವಾಗ ಮಾತ್ರ ತಾಳ್ಮೆ ಬೇಕು, ಮುಂದೆ ರಸ್ತೆ ಉದ್ದಕ್ಕೆ ಖಾಲಿ ಕಾಣುವ ತನಕ ಕಾಯುವುದೇ ಕ್ಷೇಮ. ಮೈಲೇಜು ನನಗೆ ಸರಾಸರಿ ಲೀಟರಿಗೆ 16.5.

ಒಳಗೆ ಕೂತರೆ ಹಳೆಗಾಡಿ ಅನ್ನುವುದು ಗೊತ್ತಾಗುತ್ತದೆ. ಸ್ಟಿಯರಿಂಗ್ ಭಾರ. ಪಕ್ಕದ ಕನ್ನಡಿ ತಿರುಗಿಸುವ ಗುಂಡಿ ಹ್ಯಾಂಡ್‌ಬ್ರೇಕಿನ ಅಡಿಯಲ್ಲಿ ಅಡಗಿದೆ, ಹ್ಯಾಂಡ್‌ಬ್ರೇಕ್ ಎತ್ತಿದರೆ ಮಾತ್ರ ಅದು ಕೈಗೆ ಸಿಗುವುದು. ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಅದರ ಸಸ್ಪೆನ್ಷನ್ ಕೆಲಸ ಮಾಡುವ ರೀತಿಗೆ ಇವತ್ತಿಗೂ ನನಗೆ ಗೌರವ. ಸೊಂಟನೋವಿನ ಅಮ್ಮ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಅದೇ ದಿನ ವಾಪಸ್ ಬಂದಳು, ಮರುದಿನ ಎಂದಿನಂತೆ ಎದ್ದು ಕೊಟ್ಟಿಗೆಗೆ ಹೋದಳು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಇನ್ನು ದುಡ್ಡಿನ ವಿಷಯ. 2021ರ ಆರಂಭದಲ್ಲಿ ಹುಡುಕಾಟ ಶುರುಮಾಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ದೆಹಲಿ ನೋಂದಣಿಯ 2012ರ ಗಾಡಿ. ಬೆಲೆ 3.4 ಲಕ್ಷ, ಇಲ್ಲಿಯ ದರಕ್ಕಿಂತ ಲಕ್ಷದಷ್ಟು ಕಡಿಮೆ. ಕಾರಣ ಇದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ಸುತ್ತಮುತ್ತ ಓಡುವಂತಿಲ್ಲ ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತ್ತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿದಿತ್ತು. ಅವಧಿ ಹತ್ತಿರ ಬಂದ ಗಾಡಿಗಳು ಬೇರೆ ರಾಜ್ಯಗಳಿಗೆ ಅಗ್ಗಕ್ಕೆ ಹರಿಯುತ್ತಿದ್ದವು. ಆದರೆ ಅಂಥ ಗಾಡಿ ತಂದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಬೇಕು, ಆಜೀವ ತೆರಿಗೆ ಮತ್ತೆ ಕಟ್ಟಬೇಕು. ಗಾಡಿಯ ವಯಸ್ಸು ನೋಡಿ ತೆರಿಗೆಯಲ್ಲಿ ಕಡಿತ ಇದೆ ನಿಜ. ಆದರೂ ತೆರಿಗೆ, ಓಡಾಟ, ಏಜೆಂಟರ ಖರ್ಚು ಎಲ್ಲ ಕೂಡಿಸಿದಾಗ ಉಳಿತಾಯ ಅನ್ನುವಂಥದ್ದು ಏನೂ ಉಳಿಯಲಿಲ್ಲ. ಅದನ್ನು ಬಿಟ್ಟೆ.

ಕೊನೆಗೆ ಕುದುರಿದ್ದು ಕರ್ನಾಟಕದ್ದೇ 2014ರ ಗಾಡಿ. 72,000 ಕಿಲೋಮೀಟರ್ ಓಡಿತ್ತು. ಬೆಲೆ 4.6 ಲಕ್ಷ. ಮಧ್ಯವರ್ತಿ "ಟೈಮಿಂಗ್ ಬೆಲ್ಟ್ ಚೇಂಜ್ ಆಗಿದೆ ಸಾರ್, ಐದು ವರ್ಷ ನೀವು ಬಾನೆಟ್ ಎತ್ತೋದೇ ಬೇಡ" ಎಂದ. ಬಿಲ್ ಕೇಳಿದೆ. ಹಳೆ ಓನರ್ ಹತ್ತಿರ ಇರಬೇಕು ಎಂದ. ಆ ಬಿಲ್ ಬರಲೇ ಇಲ್ಲ. ಆದರೂ ಗಾಡಿಯ ಮೈಬಣ್ಣ, ಸೀಟಿನ ಅಚ್ಚುಕಟ್ಟು ನೋಡಿ ನಂಬಿಬಿಟ್ಟೆ. ದುಡ್ಡು ಕೊಟ್ಟು ಗಾಡಿ ತಂದ ಮೂರನೇ ದಿನ ನಮ್ಮ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಇಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು, ಬೆಲ್ಟನ್ನು ಹೆಬ್ಬೆರಳಿನಿಂದ ಸ್ವಲ್ಪ ಮಡಿಸಿ ತೋರಿಸಿದರು. ಒಂದೊಂದು ಹಲ್ಲಿನ ಬುಡದಲ್ಲೂ ಕೂದಲೆಳೆಯಂಥ ಬಿರುಕು. "ಇದು ಬದಲಾಯಿಸಿದ ಬೆಲ್ಟ್ ಅಲ್ಲ ಸಾರ್, ಕಂಪನಿಯಿಂದ ಬಂದದ್ದೇ. ಘಾಟಿಯಲ್ಲಿ ತುಂಡಾಗಿದ್ದರೆ ಇಂಜಿನ್ನೇ ಹೋಗ್ತಿತ್ತು" ಎಂದರು.

ಅವರು ಹೇಳಿದ್ದು ಉತ್ಪ್ರೇಕ್ಷೆ ಅಲ್ಲ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಪಕ್ಕಕ್ಕೆ ಸರಿದಿರಬೇಕು. ಆ ತಾಳ ತಪ್ಪದ ಹಾಗೆ ನೋಡಿಕೊಳ್ಳುವುದೇ ಬೆಲ್ಟಿನ ಕೆಲಸ. ಅದು ತುಂಡಾದರೆ ಈ ಇಂಜಿನ್ನಿನಲ್ಲಿ ಪಿಸ್ಟನ್ ನೇರ ವಾಲ್ವಿಗೆ ಬಡಿಯುತ್ತದೆ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದಿರುವ ಹಾಗೆಯೇ ಎಷ್ಟು ವರ್ಷಕ್ಕೆ ಅನ್ನುವ ಲೆಕ್ಕವೂ ಇದೆ. ಕಡಿಮೆ ಓಡಿದ ಗಾಡಿ ಎಂದು ಸಮಾಧಾನ ಪಡುವವರು ಈ ಎರಡನೆಯದನ್ನು ಮರೆಯುತ್ತಾರೆ. ರಬ್ಬರಿಗೆ ನಿಂತಲ್ಲೇ ವಯಸ್ಸಾಗುತ್ತದೆ.

ಆ ತಿಂಗಳು ಆದ ಖರ್ಚು ನನ್ನ ಡೈರಿಯಲ್ಲಿದೆ. ವಾಟರ್ ಪಂಪ್ ಸೇರಿ ಬೆಲ್ಟಿನ ಕಿಟ್ 13,800. ಮುಂದಿನ ಶಾಕ್ ಅಬ್ಸಾರ್ಬರ್, ಬುಷ್ 19,200. ನಾಲ್ಕು ಟೈರು 31,600. ಬ್ಯಾಟರಿ 6,400. ಹೆಸರು ವರ್ಗಾವಣೆ ಮತ್ತು ವಿಮೆ 14,000. ಒಟ್ಟು 85,000. ಅಂದರೆ ನಾನು ಕೊಂಡ ಗಾಡಿಯ ನಿಜವಾದ ಬೆಲೆ 5.45 ಲಕ್ಷ. ಚೌಕಾಸಿ ಮಾಡಿದ್ದೆಲ್ಲ ಮೊದಲ ಬೆಲೆಗೆ, ಎರಡನೆಯದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಪುಣ್ಯಕ್ಕೆ ಒಂದು ಲಕ್ಷ ಬೇರೆ ಎತ್ತಿಟ್ಟಿದ್ದೆ. ಇದ್ದದ್ದನ್ನೆಲ್ಲ ಬಳಿದು ಗಾಡಿಗೆ ಕೊಟ್ಟಿದ್ದರೆ ಬೆಲ್ಟನ್ನು ಮುಂದಿನ ಕೊಯ್ಲಿಗೆ ಮುಂದೂಡುತ್ತಿದ್ದೆ. ಈಗಲೂ ಆ ಯೋಚನೆ ಬಂದರೆ ಎದೆ ಝಲ್ಲೆನ್ನುತ್ತದೆ.

ವಿಮೆಯಲ್ಲಿ ಎರಡು ಕಡೆ ಲಾಭವಾಯಿತು. ಚಿಕ್ಕ ಕಾರು ಮಾರುವಾಗ ಅದರ ನೋ ಕ್ಲೇಮ್ ಬೋನಸ್ಸಿನ ಪತ್ರ ಕೇಳಿ ಪಡೆದಿದ್ದೆ. ಆ ಬೋನಸ್ ಮಾಲೀಕನದ್ದು, ಗಾಡಿಯದ್ದಲ್ಲ. ಶೇ 50ರ ರಿಯಾಯಿತಿ ಡಸ್ಟರ್‌ಗೆ ಬಂತು. ಇನ್ನೊಂದು, 1,500 ಸಿಸಿಯ ಗೆರೆ. 2022ರ ಜೂನ್‌ನಿಂದ ಜಾರಿಗೆ ಬಂದ ದರದಲ್ಲಿ 1,000 ಸಿಸಿ ದಾಟಿ ಆ ಗೆರೆಯ ಕೆಳಗಿರುವ ಕಾರಿಗೆ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 3,416 ರೂಪಾಯಿ, ಮೇಲಿನದಕ್ಕೆ 7,897. ಡೀಸೆಲ್ ಡಸ್ಟರ್ ಗೆರೆಯ ಕೆಳಗಿದೆ, ಹಳೆಯ 1.6 ಲೀಟರ್ ಪೆಟ್ರೋಲ್ ಡಸ್ಟರ್ ಮೇಲಿದೆ. ಪೆಟ್ರೋಲ್ ಗಾಡಿ ಅಗ್ಗಕ್ಕೆ ಸಿಕ್ಕರೆ ಈ ವ್ಯತ್ಯಾಸವನ್ನು ವರ್ಷ ವರ್ಷ ಕೂಡಿಸಿ ನೋಡಿ.

2025ರ ಮಾರ್ಚ್‌ಗೆ ನಾಲ್ಕು ವರ್ಷ ತುಂಬಿತು, ಆಗ ಮೀಟರ್ 1,20,000 ತೋರಿಸುತ್ತಿತ್ತು. ಈ 48,000 ಕಿಲೋಮೀಟರಿಗೆ ಸರ್ವಿಸ್ 42,000, ಕ್ಲಚ್ 26,000, ಎಸಿ 13,000, ಬ್ರೇಕ್ 11,000, ಮೊದಲ ವರ್ಷದ ನಂತರದ ಮೂರು ವರ್ಷದ ವಿಮೆ 36,000. ಮಾರುವುದಾದರೆ 2.9 ಲಕ್ಷ ಕೊಡುತ್ತೇನೆ ಎಂದು ಒಬ್ಬರು ಆಗ ಕೇಳಿದ್ದರು, ಅಂದರೆ ಸವಕಳಿ 1.7 ಲಕ್ಷ. ಮೊದಲ ತಿಂಗಳ 85,000 ಸೇರಿಸಿದರೆ ಒಟ್ಟು 3.83 ಲಕ್ಷ. ಆ 5.45 ಲಕ್ಷ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿ ಸುಮಾರು 1.2 ಲಕ್ಷವನ್ನೂ ಖರ್ಚೆಂದೇ ಹಿಡಿದೆ. ಕಿಲೋಮೀಟರಿಗೆ ಹತ್ತೂವರೆ ರೂಪಾಯಿ ಬಿತ್ತು, ಡೀಸೆಲ್ ಬಿಟ್ಟು. ಹೊಸ ಗಾಡಿಯನ್ನು ಇದೇ ಕ್ರಮದಲ್ಲಿ, ನಾಲ್ಕು ವರ್ಷಕ್ಕೆ 7.5 ಲಕ್ಷಕ್ಕೆ ಮಾರಬಹುದು ಎಂದಿಟ್ಟುಕೊಂಡು, ಸಾಲದ ಬಡ್ಡಿಯನ್ನೂ ಸೇರಿಸಿ ಲೆಕ್ಕ ಹಾಕಿದಾಗ ಹದಿನೆಂಟೂ ಮುಕ್ಕಾಲು ರೂಪಾಯಿ ದಾಟಿತು.

ಈ ವ್ಯತ್ಯಾಸವೆಲ್ಲ ಲಾಭ ಎಂದು ಹೇಳಲಾರೆ. 2017ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಡಸ್ಟರನ್ನು ಡಿಕ್ಕಿ ಪರೀಕ್ಷೆಗೆ ಒಳಪಡಿಸಿತು. ಏರ್‌ಬ್ಯಾಗ್ ಇಲ್ಲದ ಗಾಡಿಗೆ ಸೊನ್ನೆ ನಕ್ಷತ್ರ, ಚಾಲಕನ ಏರ್‌ಬ್ಯಾಗ್ ಇದ್ದದ್ದಕ್ಕೆ ಮೂರು. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಕಡಿಮೆ ಬೆಲೆಯ ಮಾದರಿ ತಗೊಂಡರೆ ಅದು ಇಲ್ಲದೇ ಇರಬಹುದು. ನಮ್ಮದರಲ್ಲಿ ಚಾಲಕನ ಕಡೆ ಒಂದು ಇದೆ, ಪಕ್ಕದ ಸೀಟಿಗೆ ಇಲ್ಲ. ಹಾಗಾಗಿ ಅಮ್ಮ ಹಿಂದೆಯೇ ಕೂರುತ್ತಾಳೆ, ಬೆಲ್ಟ್ ಹಾಕಿಕೊಂಡೇ ಕೂರುತ್ತಾಳೆ. ಮೂವತ್ತು ಸಾವಿರ ಉಳಿಯುತ್ತದೆ ಎಂದು ಏರ್‌ಬ್ಯಾಗ್ ಇಲ್ಲದ ಹಳೆ ಗಾಡಿಯನ್ನು ದಯವಿಟ್ಟು ಮನೆಗೆ ತರಬೇಡಿ. ತಿಂಗಳು ಗಟ್ಟಲೆ ಕಾದರೂ ಸರಿ, ಇರುವುದನ್ನೇ ಹುಡುಕಿ.

ದಿನವೂ ಪೇಟೆಯೊಳಗೆ ಹತ್ತು ಕಿಲೋಮೀಟರ್ ಓಡಿಸುವವರಿಗೆ ಹಳೆ ಡೀಸೆಲ್ ಡಸ್ಟರ್ ಬೇಡ. ಭಾರದ ಕ್ಲಚ್, ಭಾರದ ಸ್ಟಿಯರಿಂಗ್, ಅಷ್ಟು ಕಡಿಮೆ ಓಟಕ್ಕೆ ಅದರ ರಿಪೇರಿ ಗಿಟ್ಟುವುದಿಲ್ಲ. ವಾರಕ್ಕೊಮ್ಮೆ ಊರಿಗೆ ಹೋಗುವವರಿಗೆ, ಕೆಟ್ಟ ರಸ್ತೆ ತಪ್ಪದವರಿಗೆ, ಗಾಡಿಯ ಒಳಹೊರಗು ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲೇ ಇರುವವರಿಗೆ ಇದು ಒಳ್ಳೆಯ ಗಾಡಿ. ನನ್ನದರ ಆರ್‌ಸಿ ಅವಧಿ 2029ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಗಾಡಿ ತಪಾಸಣೆಗೆ ನಿಲ್ಲಬೇಕು, ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. ಅಷ್ಟರೊಳಗೆ ಬೆಲ್ಟ್ ಇನ್ನೊಮ್ಮೆ ಬದಲಾಗಬೇಕು. ಎರಡಕ್ಕೂ ಸೇರಿಸಿ ಪೋಸ್ಟಾಫೀಸಿನಲ್ಲಿ ತಿಂಗಳಿಗೆ ಎರಡು ಸಾವಿರದ ಆರ್‌ಡಿ ಶುರುಮಾಡಿದ್ದೇನೆ.

ನೀವು ಗಾಡಿ ನೋಡಲು ಹೋಗುವಾಗ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಒಂದು ದಿನದ ಕೂಲಿ ಕೊಡಿ. ಬೆಲ್ಟ್ ಬದಲಾಗಿದೆ ಎಂದರೆ ಬಿಲ್ ಕೇಳಿ. ಬಿಲ್ ಕೈಗೆ ಬರುವ ತನಕ ಮುಂಗಡ ಕೊಡಬೇಡಿ.