ಮದುವೆ ಶೂಟ್‌ಗೆ ಹೋಗುವವರು ಕ್ಯಾಮೆರಾ ಡಿಸ್‌ಪ್ಲೇ ವಿಷಯದಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಸ್ಟುಡಿಯೋದ ಕ್ಯಾಮೆರಾ ಹಿಡಿದು ಹೊರಡುವ ಎಲ್ಲರಿಗೂ ಈ ಸೂಚನೆ ಅನ್ವಯಿಸುತ್ತದೆ. ಹಳಬರು, ಹೊಸಬರು ಎಂಬ ಭೇದವಿಲ್ಲ. ಡಿಸ್‌ಪ್ಲೇಯಲ್ಲಿ ಫೋಟೊ ಚೆನ್ನಾಗಿ ಕಂಡಿತು ಎಂದ ಮಾತ್ರಕ್ಕೆ ಎಕ್ಸ್‌ಪೋಷರ್ ಮತ್ತು ಫ್ರೇಮ್ ಸರಿಯಿವೆ ಎಂದಾಗುವುದಿಲ್ಲ. ಹಿಸ್ಟೋಗ್ರಾಂ, ಜೀಬ್ರಾ, ಗ್ರಿಡ್, ಲೆವೆಲ್ ಕೊಟ್ಟಿರುವುದೇ ಅವನ್ನು ತಾಳೆ ನೋಡಲು. ಮದುಮಗನಿಗೆ ಎರಡನೇ ಸಲ ತಾಳಿ ಕಟ್ಟು ಎಂದು ನಾವು ಹೇಳುವಂತಿಲ್ಲ.

ಛತ್ರ ಸೇರುವ ಮುನ್ನ

ಡಿಸ್‌ಪ್ಲೇ ಬ್ರೈಟ್‌ನೆಸ್ ಆಟೋದಲ್ಲಿ ಇರಬಾರದು. ಮ್ಯಾನ್ಯುಯಲ್ ಮಾಡಿ, ನಡುಮಟ್ಟಕ್ಕೆ ಇಡಿ. ಬೆಳಗ್ಗೆ ಚಪ್ಪರದ ಬಿಸಿಲಲ್ಲಿ ಏನೂ ಕಾಣಲಿಲ್ಲವೆಂದು ಏರಿಸಿದ ಬ್ರೈಟ್‌ನೆಸ್ಸನ್ನು ಸಂಜೆಯ ರಿಸೆಪ್ಷನ್‌ಗೂ ಹಾಗೇ ಬಿಟ್ಟರೆ, ಅಂಡರ್ ಆದ ಫೋಟೊ ಕೂಡ ಕತ್ತಲಲ್ಲಿ ಫಳಫಳ ಹೊಳೆಯುತ್ತದೆ. ಬಿಸಿಲಲ್ಲಿ ಕಾಣದಿದ್ದರೆ ವ್ಯೂಫೈಂಡರ್‌ಗೆ ಕಣ್ಣಿಡಿ.

ರಾ ಫೈಲ್ ತೆಗೆಯುವವರಿಗೂ ಒಂದು ಮಾತು. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಂ ಜೆಪೆಗ್ ಚಿತ್ರದಿಂದ ಲೆಕ್ಕ ಹಾಕಿದ್ದು. ವಿವಿಡ್, ಹೈ ಕಾಂಟ್ರಾಸ್ಟ್ ಸ್ಟೈಲ್ ಹಾಕಿಕೊಂಡರೆ ಅದು ಇಲ್ಲದ ಓವರ್ ತೋರಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಡಿ.

ಎಕ್ಸ್‌ಪೋಷರ್

ಹಿಸ್ಟೋಗ್ರಾಂನ ಗುಡ್ಡ ನಡುವಿನಲ್ಲೇ ಇರಬೇಕೆಂದು ಯಾರಾದರೂ ಕಲಿಸಿದ್ದರೆ ಮರೆತುಬಿಡಿ. ಎಡತುದಿ 0, ಅಂದರೆ ಕಪ್ಪು. ಬಲತುದಿ 255, ಅಂದರೆ ಬಿಳುಪು. ಬಿಳಿ ಪಂಚೆ, ಬಿಳಿ ಶಲ್ಯ, ಹಿಂದೆ ಮಲ್ಲಿಗೆಯ ಪರದೆ ಇದ್ದ ಮೇಲೆ ಗುಡ್ಡ ಬಲಕ್ಕೆ ಕೂರುವುದೇ ನ್ಯಾಯ. ಕ್ಯಾಮೆರಾದ ಮೀಟರ್ ಎಲ್ಲವನ್ನೂ ಬೂದುಬಣ್ಣಕ್ಕೆ ಎಳೆಯುತ್ತದೆ. ಪಂಚೆ ಉಟ್ಟ ಹತ್ತು ಜನ ನಿಂತರೆ ಹತ್ತೂ ಪಂಚೆ ಕೊಳೆಯಾದಂತೆ ಬರುತ್ತವೆ. ಅಲ್ಲಿ ಕಾಂಪೆನ್ಸೇಷನ್ +2/3ರಿಂದ +1 ಕೊಡಿ. ಕೊಟ್ಟ ಮೇಲೆ ಬಲಗೋಡೆ ನೋಡಿ: ಗುಡ್ಡ ಗೋಡೆಯ ಹತ್ತಿರ ಬರಬಹುದು, ಗೋಡೆ ಹತ್ತಬಾರದು.

ಧಾರೆಯ ಸೀರೆಗೆ ಬಿಳಿ (ಬ್ರೈಟ್‌ನೆಸ್) ಹಿಸ್ಟೋಗ್ರಾಂ ಒಂದನ್ನೇ ನಂಬಬೇಡಿ. ಅದರ ಲೆಕ್ಕದಲ್ಲಿ ಹಸಿರಿನ ಪಾಲು ಹೆಚ್ಚು, ಕೆಂಪಿನದು ಕಡಿಮೆ. ಹಳದಿ ಲೈಟಿನ ಕೆಳಗೆ ಕೆಂಪು ರೇಷ್ಮೆ ಬಂದಾಗ ಕೆಂಪು ಚಾನೆಲ್ ಒಂದೇ ಗೋಡೆಗೆ ಬಡಿದಿರುತ್ತದೆ, ಬಿಳಿ ಹಿಸ್ಟೋಗ್ರಾಂ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಪ್ರಿಂಟ್ ತೆಗೆದು ನೋಡಿ: ನೆರಿಗೆಗಳ ನಡುವಿನ ನೆರಳು ಹೋಗಿ, ಸೊಂಟದಿಂದ ಪಾದದವರೆಗೆ ಬಣ್ಣ ಮೆತ್ತಿದಂತೆ ಒಂದೇ ಕೆಂಪು. ಆರ್‌ಜಿಬಿ ಹಿಸ್ಟೋಗ್ರಾಂ ತೆರೆದೇ ಸೀರೆಯ ಫೋಟೊ ಪರೀಕ್ಷಿಸಿ. ವೈಟ್ ಬ್ಯಾಲೆನ್ಸನ್ನೂ ಮೊದಲೇ ಸರಿಮಾಡಿಕೊಳ್ಳಿ.

ಜೀಬ್ರಾ ಪಟ್ಟೆ ಅಥವಾ ಮಿನುಗುವ ಹೈಲೈಟ್ ಕಂಡ ಕೂಡಲೇ ಗಾಬರಿಯಾಗಿ ಎರಡು ಸ್ಟಾಪ್ ಇಳಿಸಬಾರದು. ಏನು ಮಿನುಗುತ್ತಿದೆ ಎಂದು ನೋಡಿ. ದೀಪದ ಕುಡಿ, ಸೀರಿಯಲ್ ಸೆಟ್, ಜರಿಯ ಮಿಂಚು, ಮೂಗುತಿಯ ಹರಳು ಸುಟ್ಟರೆ ಸುಡಲಿ. ಪಂಚೆಯ ಮಡಿಕೆ, ಹೋಮದ ಮುಂದೆ ಬೆವರಿದ ಹಣೆ, ಮೂಗಿನ ತುದಿ ಸುಡಬಾರದು. ಫೋಟೊಗೆ ಜೀಬ್ರಾ 100ರಲ್ಲಿ ಇರಲಿ. ವಿಡಿಯೋದವರು ಸೋನಿಯ ಎಸ್-ಲಾಗ್3 ಹಾಕಿದ್ದರೆ 100ರ ಜೀಬ್ರಾ ಬರುವುದೇ ಇಲ್ಲ. ಅಲ್ಲಿ ಬಿಳುಪು ಸುಮಾರು 94ಕ್ಕೇ ಒಡೆಯುತ್ತದೆ, ಜೀಬ್ರಾವನ್ನು ಅದಕ್ಕಿಂತ ಕೆಳಗೆ ಇಳಿಸಿಕೊಳ್ಳಿ.

ಮುಖಕ್ಕೆ ಜೀಬ್ರಾ 70 ಎಂಬ ಸೂತ್ರವನ್ನು ಕಣ್ಣುಮುಚ್ಚಿ ಹಾಕಬಾರದು. ಅದು ತಿಳಿ ಮೈಬಣ್ಣಕ್ಕೆ ಹೊಂದುವ ಲೆಕ್ಕ. ಕಪ್ಪು ಮೈಬಣ್ಣದ ಮದುಮಗಳನ್ನು ಎಕ್ಸ್‌ಪೋಷರ್ ಏರಿಸಿ ಬೆಳ್ಳಗೆ ಮಾಡುವುದು ಈ ಸ್ಟುಡಿಯೋದಲ್ಲಿ ನಡೆಯುವುದಿಲ್ಲ, ಅವರ ಮನೆಯವರು ಕೇಳಿದರೂ.

ಫ್ಲ್ಯಾಷ್ ಹಾಕಿದಾಗ ಎಕ್ಸ್‌ಪೋಷರ್ ಸಿಮ್ಯುಲೇಷನ್ ಆಫ್ ಮಾಡಿ. ಸೋನಿಯಲ್ಲಿ ಇದು ಲೈವ್ ವ್ಯೂ ಡಿಸ್‌ಪ್ಲೇಯ ಸೆಟ್ಟಿಂಗ್ ಎಫೆಕ್ಟ್. ಅದು ಆನ್ ಇದ್ದು, ಹಾಲ್ ಒಳಗೆ ಮ್ಯಾನ್ಯುಯಲ್‌ನಲ್ಲಿ 1/160, ಎಫ್ 8, ಐಎಸ್ಒ 200 ಇಟ್ಟರೆ ಡಿಸ್‌ಪ್ಲೇ ಕಪ್ಪಾಗುತ್ತದೆ. ಕಾಣಲೆಂದು ಐಎಸ್ಒ ಏರಿಸುತ್ತಾ ಹೋದರೆ, ಫ್ಲ್ಯಾಷ್ ಹೊಡೆದ ಕ್ಷಣ ಮುಖ ಬಿಳಿಚುತ್ತದೆ. ಆಫ್ ಇರುವಾಗ ಲೈವ್ ಹಿಸ್ಟೋಗ್ರಾಂ ಲೆಕ್ಕಕ್ಕಿಲ್ಲ, ತೆಗೆದ ಫೋಟೊದ ಹಿಸ್ಟೋಗ್ರಾಂ ನೋಡಿ. ಫ್ಲ್ಯಾಷ್ ಕಳಚಿದ ಮೇಲೆ ಮತ್ತೆ ಆನ್ ಮಾಡಲು ಮರೆಯಬೇಡಿ.

ಡಿಸ್‌ಪ್ಲೇಯಲ್ಲಿ ಕಪ್ಪು ಪಟ್ಟೆ ಓಡಿದರೆ ಶಟರ್ 1/50 ಅಥವಾ 1/100ಕ್ಕೆ ತನ್ನಿ. ನಮ್ಮ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಎಲ್‌ಇಡಿ ವಾಲ್ ಈ ಮಾತು ಕೇಳುವುದಿಲ್ಲ; ಅದಕ್ಕೆ ಬೇರೆ ಸ್ಪೀಡ್‌ಗಳನ್ನು ಹಾಕಿ ನೋಡಿ.

ಫ್ರೇಮ್

ಜೋಡಿಯ ಫೋಟೊಗೆ 3×3 ಗ್ರಿಡ್ ಸಾಕು. ಮಂಟಪ ಮತ್ತು ಗ್ರೂಪ್‌ಗೆ 6×4 ಗ್ರಿಡ್ ಹಾಕಿ, ಕ್ಯಾನನ್‌ನಲ್ಲಿ ಇದೆ. ಕಾರಣ ಆಲ್ಬಂ. ನಮ್ಮದು 12×36 ಇಂಚಿನ ಶೀಟ್. ಅದರ ಅರ್ಧ 12×18, ಅಂದರೆ ಸೆನ್ಸರ್‌ನ 3:2 ಅಳತೆಯೇ. ಒಂದು ಪುಟಕ್ಕೆ ಹಾಕುವ ಫೋಟೊ ಕತ್ತರಿಸಬೇಕಿಲ್ಲ. ಪೂರ್ತಿ ಶೀಟಿಗೆ ಹರಡಿದರೆ ಎತ್ತರದಲ್ಲಿ ಅರ್ಧ ಹೋಗುತ್ತದೆ. ಆದ್ದರಿಂದ ಶೀಟಿಗೆಂದು ತೆಗೆಯುವ ಗ್ರೂಪ್‌ನಲ್ಲಿ ಎಲ್ಲ ತಲೆಗಳೂ 6×4 ಗ್ರಿಡ್‌ನ ನಡುವಿನ ಎರಡು ಸಾಲಿನೊಳಗೇ ಇರಬೇಕು. ನಡುವಿನ ಲಂಬಗೆರೆಯ ಮೇಲೆ ಯಾರ ಮುಖವೂ ಬೇಡ, ಶೀಟ್ ಮಡಚುವುದು ಅಲ್ಲೇ. ಮನೆಯ ಹಿರಿಯರ ಮೂಗಿನ ಮೇಲೆ ಮಡಿಕೆ ಬಿದ್ದ ಆಲ್ಬಂ ವಾಪಸ್ ಬರುತ್ತದೆ.

ಲೆವೆಲ್ ಆನ್ ಇರಲಿ. ಅಡ್ಡ ವಾಲಿರುವುದನ್ನು ಎಲ್ಲರೂ ನೋಡುತ್ತಾರೆ, ಮೇಲಕ್ಕೋ ಕೆಳಕ್ಕೋ ಬಾಗಿರುವುದನ್ನು ನೋಡುವವರು ಕಡಿಮೆ. ಕೆಳಗೆ ನಿಂತು ಸ್ಟೇಜ್ ಕಡೆ ಕ್ಯಾಮೆರಾ ಎತ್ತಿದರೆ ಮಂಟಪದ ಕಂಬಗಳು ಒಳಕ್ಕೆ ವಾಲುತ್ತವೆ, ಸ್ಟೂಲ್ ಹತ್ತಿ. ಡೆಕೊರೇಷನ್‌ನವರು ಕಂಬವನ್ನೇ ಸೊಟ್ಟ ನಿಲ್ಲಿಸಿದ್ದರೆ ಲೆವೆಲ್ ಹಸಿರಾಗಿದೆ ಎಂದು ಹಟ ಮಾಡಬೇಡಿ, ಕಣ್ಣಿಗೆ ನೆಟ್ಟಗೆ ಕಾಣುವಂತೆ ತಿರುಗಿಸಿ.

ಫೋಕಸ್ ಪೀಕಿಂಗ್‌ಗೆ ಕೆಂಪು ಸೀರೆಯ ಮುಂದೆ ಕೆಂಪು ಬಣ್ಣ ಬೇಡ, ಅರಿಶಿನ ಶಾಸ್ತ್ರದಲ್ಲಿ ಹಳದಿ ಬೇಡ. ಎಫ್ 1.4ರಲ್ಲಿ ಅದನ್ನು ನಂಬಲೇಬಾರದು. ರೆಪ್ಪೆಗೂ ಕಿವಿಗೂ ಒಟ್ಟಿಗೇ ಬಣ್ಣ ಮೂಡಿಸಿ ಮೋಸ ಮಾಡುತ್ತದೆ. ಕಣ್ಣನ್ನು ಜೂಮ್ ಮಾಡಿ ನೋಡಿ.

ಮುಹೂರ್ತದ ಹೊತ್ತಿನಲ್ಲಿ

ಅಂತರಪಟ ಹಿಡಿದಿರುವಾಗಲೇ ಟೆಸ್ಟ್ ಶಾಟ್ ಮುಗಿಸಿ. ವಿಡಿಯೋದವರ ಲೈಟ್ ಹತ್ತಿದ್ದಾಗ ಒಂದು, ಆರಿದ್ದಾಗ ಒಂದು. ಆಮೇಲೆ ಜೀಬ್ರಾ, ಲೆವೆಲ್ ಬಿಟ್ಟು ಉಳಿದದ್ದೆಲ್ಲ ಆಫ್. ಆಟೋ ರಿವ್ಯೂ ಕೂಡ ಆಫ್. ಗಟ್ಟಿಮೇಳ ಶುರುವಾದ ಮೇಲೆ ಪ್ಲೇಬ್ಯಾಕ್ ಬಟನ್ ಮುಟ್ಟಕೂಡದು, ಅಕ್ಷತೆ ಬಿದ್ದು ಮುಗಿಯುವವರೆಗೆ. ತೆಗೆದ ಫೋಟೊವನ್ನು ಆಗಲೇ ತೋರಿಸಿ ಎಂದು ನೆಂಟರು ಬಂದರೆ, ಊಟದ ಹೊತ್ತಿಗೆ ತೋರಿಸುತ್ತೇವೆ ಎಂದು ಮರ್ಯಾದೆಯಿಂದ ಹೇಳಿ.

ಕ್ಯಾಮೆರಾ ವಾಪಸ್ ಕೊಡುವಾಗ ಬ್ರೈಟ್‌ನೆಸ್ ನಡುಮಟ್ಟಕ್ಕೆ, ಜೀಬ್ರಾ 100ಕ್ಕೆ, ಸಿಮ್ಯುಲೇಷನ್ ಆನ್‌ಗೆ ತಂದು ಕೊಡಿ.